ಕೇಳದೆ ಇಳಿದ ಅಲಗು

ಇನ್ಸ್‌ಪೆಕ್ಟರ್ ಕೈಯನ್ನು ಹಿಂದಕ್ಕೆ ಎಳೆದುಕೊಂಡಿದ್ದಳಷ್ಟೆ, ಅಲಗು ಇಳಿಯಿತು.

ಕಟಿಂಗ್ ಮಷಿನ್ನಿನ ಮೇಜಿನ ಮೇಲೆ ಅವಳು ಆಗ ತಾನೇ ಅಡ್ಡ ಇಟ್ಟಿದ್ದ ಮರದ ಪಟ್ಟಿ ಎರಡು ತುಂಡಾಯಿತು. ಒಂದು ತುಂಡು ಮೇಜಿನ ಮೇಲೇ ಉಳಿಯಿತು. ಇನ್ನೊಂದು ಹಾರಿ ಗೋಡೆಗೆ ಬಡಿದು, ಕಾಗದದ ಕಟ್ಟುಗಳ ಹಿಂದೆ ಎಲ್ಲೋ ಬಿತ್ತು.

"ಯಾರು ಒತ್ತಿದ್ದು?"

"ನಾನಲ್ಲ ಅತ್ತಿಗೆ." ನಾದಿನಿ ಎರಡೂ ಕೈ ಮೇಲೆತ್ತಿ ನಿಂತಿದ್ದಳು. "ನಾನು ಗುಂಡಿ ಹತ್ತಿರಾನೂ ಇರಲಿಲ್ಲ. ನೀವೇ ನೋಡಿದ್ರಲ್ಲ."

ಇನ್ಸ್‌ಪೆಕ್ಟರ್ ನೋಡಿದ್ದಳು. ಮಷಿನ್ನಿನ ಮುಂದುಗಡೆ, ಒಂದು ಕೈಯಿಂದ ಎರಡನ್ನೂ ಒತ್ತಲಾಗದಷ್ಟು ದೂರದಲ್ಲಿ ಎರಡು ಹಸಿರು ಗುಂಡಿಗಳಿದ್ದವು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಅದೂ ಅಲಗಿನ ಮುಂದೆ ಹಾಯುವ ಬೆಳಕಿನ ಗೆರೆಗೆ ಏನೂ ಅಡ್ಡ ಇಲ್ಲದಿದ್ದರೆ ಮಾತ್ರ. ಈಗ ಗುಂಡಿ ಒತ್ತಿದವರು ಯಾರೂ ಇಲ್ಲ. ಬೆಳಕಿಗೆ ಮರದ ಪಟ್ಟಿ ಅಡ್ಡ ಇತ್ತು. ಆದರೂ ಇಳಿಯಿತು.

ಹೋದ ವಾರ ಇದೇ ಅಲಗು, ಅಣ್ಣ ತಮ್ಮ ಸೇರಿ ನಡೆಸುವ ಈ ಪ್ರೆಸ್ಸಿನ ಚಿಕ್ಕ ಯಜಮಾನನ ಬಲಗೈಯನ್ನು ಮಣಿಕಟ್ಟಿನಲ್ಲಿ ತುಂಡರಿಸಿತ್ತು. ಕುಸಿದು ಬಿದ್ದ ರಭಸಕ್ಕೆ ಮಷಿನ್ನಿನ ಕಬ್ಬಿಣದ ಕಾಲು ತಲೆಗೆ ಬಡಿದು, ಅವನು ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ.

"ಇನ್ನು ಯಾರೂ ಅದರ ಹತ್ತಿರ ಹೋಗಬೇಡಿ," ಎಂದಳು ಇನ್ಸ್‌ಪೆಕ್ಟರ್.

ಇಲಾಖೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು ಜಿಗಣೆ ಎಂದು. ಹಿಡಿದರೆ ಬಿಡುವವಳಲ್ಲ. ಆ ಹೆಸರು ಅವಳ ಕಿವಿಗೂ ಬಿದ್ದಿತ್ತು. "ಜಿಗಣೆ ಕುಡಿಯೋದು ಕೆಟ್ಟ ರಕ್ತಾನೇ ಅಂತಾರೆ," ಎಂದು ನಕ್ಕು ಸುಮ್ಮನಾಗಿದ್ದಳು.

ಆದರೆ ಈ ಸಲ ಹಿಡಿದದ್ದನ್ನು ಬಿಡಿಸಲು ಮೇಲಿನವರೇ ನಿಂತಿದ್ದರು. ಬೆಳಿಗ್ಗೆ ಫೋನಿನಲ್ಲಿ ಖಂಡಿತವಾಗಿ ಹೇಳಿಬಿಟ್ಟಿದ್ದರು: ಸಂಜೆಯೊಳಗೆ ಮಷಿನ್ ನಡೆಸುವವನನ್ನು ಬಂಧಿಸಬೇಕು. ಎಡಗಡೆಯ ಗುಂಡಿಯ ಮೇಲೆ ಗಮ್‌ಟೇಪಿನ ಅಂಟು ಸಿಕ್ಕಿದೆ. ಒಂದು ಗುಂಡಿಯನ್ನು ಟೇಪು ಸುತ್ತಿ ಅಮುಕಿಟ್ಟು ಕೆಲಸ ಮಾಡುತ್ತಿದ್ದ, ಅದರಿಂದ ಯಜಮಾನನ ಕೈ ಹೋಯಿತು. ಇಷ್ಟಕ್ಕೆ ಇನ್ನೇನು ಬೇಕು?

ಆ ಮಷಿನ್ ನಡೆಸುವವನು ಅಲ್ಲೇ ಕಾಗದದ ಕಟ್ಟಿನ ಮೇಲೆ ಕುಳಿತಿದ್ದ. ಪ್ರೆಸ್ಸಿನವರು ಅವನನ್ನು ಕತ್ತರಿ ಮಾವ ಎನ್ನುತ್ತಿದ್ದರು. ಮರದ ಪಟ್ಟಿ ತುಂಡಾದದ್ದನ್ನು ಕಂಡ ಮೇಲೆ ಅವನ ಮುಖದಲ್ಲಿ ಒಂದು ವಾರದಿಂದ ಇರದಿದ್ದ ಜೀವ ಬಂದಿತ್ತು.

"ಟೇಪು ಹಾಕಿದ್ದು ನಾನೇ ಅಮ್ಮ," ಎಂದ. "ಗುಂಡಿ ಮುಚ್ಚಳ ಒಡೆದು ಬೆರಳಿಗೆ ಚುಚ್ಚೋದು, ಅದಕ್ಕೆ. ಅಮುಕಿ ಇಡೋಕಲ್ಲ. ಯಾರೂ ನಂಬಲಿಲ್ಲ."

"ಅವತ್ತು ನೀವು ಯಾಕೆ ಮಷಿನ್ ಬಿಟ್ಟು ಹೋದ್ರಿ? ಇನ್ನೊಂದು ಸಲ ಹೇಳಿ."

"ಗೇಟಿನ ಹತ್ತಿರ ಲಾರಿ ಬಂದಿದೆ, ನೋಡು ಅಂದ್ರು ದೊಡ್ಡ ಯಜಮಾನ್ರು. ಹೋಗಿ ನೋಡಿದ್ರೆ ಲಾರಿ ಇರಲಿಲ್ಲ. ವಾಪಸ್ ಬರೋ ಅಷ್ಟರಲ್ಲಿ ಕಿರುಚಾಟ ಕೇಳಿಸ್ತು. ಶಾಲೆ ಪುಸ್ತಕದ ಅರ್ಜೆಂಟ್ ಕೆಲಸ, ನಾನಿಲ್ಲ ಅಂತ ಚಿಕ್ಕ ಯಜಮಾನ್ರೇ ಕೈ ಹಾಕಿದ್ರು."

"ಮಷಿನ್ ಅದಕ್ಕೆ ಮುಂಚೆ ಯಾವತ್ತಾದ್ರೂ ತೊಂದರೆ ಕೊಟ್ಟಿತ್ತಾ?"

"ನಿಂತುಬಿಡೋದು. ಕಾಗದದ ಧೂಳು ಬೆಳಕಿಗೆ ಅಡ್ಡ ಬಂದ್ರೆ ಕಟ್ಟನ್ನ ಕಚ್ಚಿಕೊಂಡು ಹಾಗೇ ನಿಲ್ಲೋದು. ಆವಾಗ ಚಿಕ್ಕ ಯಜಮಾನ್ರು, ನೀನು ಆಚೆ ಸರಿ ಅಂದು ಒಳಗೆ ಹೋಗೋರು. ಏನು ಮಾಡ್ತಿದ್ರೋ ಗೊತ್ತಿಲ್ಲ, ಅಲಗು ಇಳಿಯೋದು. ಮೈನ್ ಆಫ್ ಮಾಡಿ ಆನ್ ಮಾಡ್ತಾರೆ ಅಂದ್ಕೊಂಡಿದ್ದೆ."

ಇನ್ಸ್‌ಪೆಕ್ಟರ್ ಆ ಮಾತನ್ನು ಮನಸ್ಸಿನಲ್ಲಿ ಒಂದು ಮೂಲೆಗೆ ಇಟ್ಟುಕೊಂಡಳು.

ಅಷ್ಟರಲ್ಲಿ ನಾದಿನಿ ಕರೆದಳು. ಅವಳು ಕಾಲೇಜಿನಲ್ಲಿ ಕಂಪ್ಯೂಟರಿನ ಒಳಗಿನ ಸರ್ಕ್ಯೂಟುಗಳನ್ನು ಕಲಿಸುವವಳು. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಕೈ ಹಾಕುವುದಿಲ್ಲ, ಅದು ತನ್ನ ವಿಷಯವಲ್ಲ ಎನ್ನುತ್ತಾಳೆ. ಇವತ್ತು ಮಾತ್ರ ರಜೆ ಹಾಕಿ, ಮಷಿನ್ನಿನ ಪಕ್ಕದ ಪೆಟ್ಟಿಗೆ ಬಿಚ್ಚಿ, ಒಳಗಿನ ಹಸಿರು ಬೋರ್ಡಿನ ನಡುವೆ ಕುಳಿತ ಒಂದು ಪ್ರೊಸೆಸರ್ ಚಿಪ್ಪಿನ ಕಾಲುಗಳಿಗೆಲ್ಲ ಬಣ್ಣ ಬಣ್ಣದ ತಂತಿ ಕಚ್ಚಿಸಿದ್ದಳು. ಆ ತಂತಿಗಳ ಇನ್ನೊಂದು ತುದಿ ಅವಳ ಲ್ಯಾಪ್‌ಟಾಪಿಗೆ ಹೋಗಿತ್ತು. ಬೋರ್ಡು ತೀವ್ರ ನಿಗಾ ಘಟಕದ ರೋಗಿಯ ಹಾಗೆ ಕಾಣುತ್ತಿತ್ತು.

"ಸಿಕ್ಕಿತು ಅತ್ತಿಗೆ. ಅಲಗು ಇಳಿದ ಕ್ಷಣ ಪೂರ್ತಿ ಹಿಡಿದಿದೆ."

"ಪ್ರೋಗ್ರಾಂ ಯಾರೋ ಬದಲಾಯಿಸಿದಾರೆ, ಅಷ್ಟೇ ತಾನೆ?"

"ಅದೇ ಇಲ್ಲ. ಈಗಷ್ಟೇ ಮತ್ತೆ ಓದಿದೆ. ಒಂದಕ್ಷರ ಆಚೀಚೆ ಆಗಿಲ್ಲ. ಎರಡೂ ಗುಂಡಿ ಒತ್ತಿಲ್ವಾ, ವಾಪಸ್ ಹೋಗು. ಬೆಳಕಿಗೆ ಏನಾದ್ರೂ ಅಡ್ಡ ಇದ್ಯಾ, ವಾಪಸ್ ಹೋಗು. ಎರಡೂ ಸರಿ ಇದ್ರೆ ಅಲಗು ಇಳಿಸು. ಇದಕ್ಕಿಂತ ಚೆನ್ನಾಗಿ ನಾನೂ ಬರೀತಿರಲಿಲ್ಲ."

"ಮತ್ತೆ?"

"ಆಜ್ಞೆ ಸರಿ ಇದೆ. ಪಾಲಿಸೋವನು ಸರಿ ಇಲ್ಲ."

ಇನ್ಸ್‌ಪೆಕ್ಟರ್ ಒಂದು ಸ್ಟೂಲು ಎಳೆದುಕೊಂಡು ಕುಳಿತಳು. "ನನಗೆ ಅರ್ಥ ಆಗೋ ಹಾಗೆ ಹೇಳು. ನಿನ್ನ ಅಣ್ಣನಿಗೆ ಹೇಳ್ತೀಯಲ್ಲ, ಹಾಗೆ."

"ಅಣ್ಣನಿಗೆ ಹೇಳೋದು ಕೋಣನ ಮುಂದೆ ಕಿನ್ನರಿ. ನಿಮಗೆ ಹೇಳ್ತೀನಿ." ನಾದಿನಿಯ ತುಟಿಯ ಕೊನೆಯಲ್ಲಿ ನಗು ಇಣುಕಿ ಮಾಯವಾಯಿತು. "ಪ್ರೊಸೆಸರ್ ಒಳಗೆ ಕಂಟ್ರೋಲ್ ಯೂನಿಟ್ ಅಂತ ಒಂದು ಭಾಗ ಇರುತ್ತೆ. ಅದೊಂದು ಸ್ಟೇಟ್ ಮಷೀನ್. ಅದಕ್ಕೆ ಸ್ವಂತ ಬುದ್ಧಿ ಅಂತ ಇಲ್ಲ. ಯಾವಾಗಲೂ ಯಾವುದೋ ಒಂದು ಸ್ಥಿತಿಯಲ್ಲಿ ಇರುತ್ತೆ, ಒಂದೇ ಒಂದರಲ್ಲಿ. ಮೊದಲು ಆಜ್ಞೆಯನ್ನ ತರೋ ಸ್ಥಿತಿ. ಆಮೇಲೆ ಅದು ಯಾವ ಆಜ್ಞೆ ಅಂತ ಗುರುತಿಸೋ ಸ್ಥಿತಿ. 'ಹೀಗಿದ್ರೆ ವಾಪಸ್ ಹೋಗು' ಅನ್ನೋ ಥರದ್ದಾದ್ರೆ, ಹಾಗಿದ್ಯಾ ಇಲ್ವಾ ಅಂತ ಪರೀಕ್ಷೆ ಮಾಡೋ ಸ್ಥಿತಿ. ಆಮೇಲೆ ಮತ್ತೆ ತರೋದಕ್ಕೆ. ಕ್ಲಾಕ್ ಒಂದು ಸಲ ಮಿಡಿದ್ರೆ ಒಂದು ಹೆಜ್ಜೆ. ಗಾಣದೆತ್ತಿನ ಹಾಗೆ ಇದೇ ಸುತ್ತು."

"ಮುಂದಿನ ಹೆಜ್ಜೆ ಎಲ್ಲಿಗೆ ಅಂತ ಅದಕ್ಕೆ ಹೇಳೋರು ಯಾರು?"

"ಅದನ್ನ ಚಿಪ್ಪು ಮಾಡುವಾಗಲೇ ಗೀಚಿಬಿಟ್ಟಿರ್ತಾರೆ. ಈ ಸ್ಥಿತಿಯಲ್ಲಿ ಇದ್ದೀಯ, ಕೈಯಲ್ಲಿ ಈ ಆಜ್ಞೆ ಇದೆ, ಹಾಗಾದ್ರೆ ಅಲ್ಲಿಗೆ ಹೋಗು. ಪ್ರೋಗ್ರಾಂ ಬರೆದವನು ಏನೇ ಬರೀಲಿ, ಅದನ್ನ ಹೆಜ್ಜೆ ಹೆಜ್ಜೆಯಾಗಿ ನಡೆಸೋದು ಇದು. ಇಲ್ಲಿ ನೋಡಿ."

ಪರದೆಯ ಮೇಲೆ ಮೂರು ಬಣ್ಣದ ಪಟ್ಟೆಗಳು ಸರದಿಯಲ್ಲಿ ಓಡುತ್ತಿದ್ದವು. ಹಸಿರೆಂದರೆ ತರುವುದು, ಹಳದಿಯೆಂದರೆ ಗುರುತಿಸುವುದು, ಕೆಂಪೆಂದರೆ ಪರೀಕ್ಷಿಸುವುದು. ಹಸಿರು, ಹಳದಿ, ಕೆಂಪು. ಹಸಿರು, ಹಳದಿ, ಕೆಂಪು. ಇನ್ಸ್‌ಪೆಕ್ಟರ್ ಕಣ್ಣು ಮಿಟುಕಿಸದೆ ನೋಡಿದಳು. ನಾದಿನಿ ಪರದೆಯನ್ನು ನಿಧಾನವಾಗಿ ಮುಂದಕ್ಕೆ ಸರಿಸಿದಳು.

ಹಸಿರು, ಹಳದಿ. ಹಸಿರು, ಹಳದಿ. ಹಸಿರು.

"ಕೆಂಪು ಎಲ್ಲಿ?" ಎಂದಳು ಇನ್ಸ್‌ಪೆಕ್ಟರ್.

"ನುಂಗಿಹಾಕಿದೆ. ಗುಂಡಿ ಒತ್ತಿದಾರಾ ಅಂತ ಕೇಳಲಿಲ್ಲ. ಅಡ್ಡ ಏನಾದ್ರೂ ಇದ್ಯಾ ಅಂತಾನೂ ಕೇಳಲಿಲ್ಲ. ಎರಡು ಆಜ್ಞೆಯನ್ನೂ ತಂದು, ಗುರುತಿಸಿ, ಪರೀಕ್ಷೆ ಮಾಡದೆ ದಾಟಿ, ಅಲಗು ಇಳಿಸು ಅನ್ನೋದಕ್ಕೆ ಬಂದಿದೆ."

"ಕೆಟ್ಟುಹೋಗಿರಬಹುದಲ್ಲ?"

"ಕೆಟ್ಟ ಚಿಪ್ಪು ಕುಡುಕನ ಹಾಗೆ ತೂರಾಡುತ್ತೆ. ಇದು ಎಲ್ಲೂ ತೂರಾಡಿಲ್ಲ. ಗುರುತಿಸೋ ಸ್ಥಿತಿಯಿಂದ ನೇರವಾಗಿ ತರೋ ಸ್ಥಿತಿಗೆ ಯಾರೋ ಬೇಕಂತಲೇ ಒಂದು ಅಡ್ಡದಾರಿ ಗೀಚಿದಾರೆ. ಎಲ್ಲ ಸಮಯದಲ್ಲೂ ಅಲ್ಲ. ಹೊರಗಿನಿಂದ ಏನೋ ಬಂದಾಗ ಮಾತ್ರ ಆ ದಾರಿ ತೆರೆಯುತ್ತೆ."

"ಹೊರಗಿನಿಂದ ಅಂದ್ರೆ?"

ನಾದಿನಿ ಟಾರ್ಚು ಹಿಡಿದು ಬೋರ್ಡಿನ ಮೇಲೆ ಬಗ್ಗಿದಳು. ಚಿಪ್ಪಿನ ಮೂಲೆಯ ಒಂದು ಕಾಲು ಉಳಿದವುಗಳ ಸಾಲಿನಲ್ಲಿ ಇರಲಿಲ್ಲ. ಅದನ್ನು ಬೋರ್ಡಿನಿಂದ ಬಿಡಿಸಿ ಮೇಲೆತ್ತಲಾಗಿತ್ತು. ಆ ಕಾಲಿನ ತುದಿಗೆ ಕೂದಲೆಳೆಯಂಥ ತಂತಿಯೊಂದನ್ನು ಬೆಸೆದಿದ್ದರು. ತಂತಿ ಪೆಟ್ಟಿಗೆಯ ಹಿಂಬದಿಗೆ ಹೋಗಿ, ಮೋಟರಿನ ದಪ್ಪ ಕೇಬಲ್ಲುಗಳ ಜೊತೆ ಗೋಡೆಯ ಪೈಪಿನೊಳಗೆ ಮರೆಯಾಗಿತ್ತು.

"ಈ ಕಾಲು ಯಾವುದಕ್ಕೂ ಬಳಕೆ ಇಲ್ಲ, ಗ್ರೌಂಡ್ ಅಂತಾರಲ್ಲ, ಆ ನೆಲಕ್ಕೆ ಜೋಡಿಸಿದೆ ಅಂತ ನಕ್ಷೆಯಲ್ಲಿದೆ," ಎಂದಳು ನಾದಿನಿ. ಆಮೇಲೆ ತಗ್ಗಿದ ದನಿಯಲ್ಲಿ, "ನಕ್ಷೆ ಮೇಷ್ಟ್ರದು," ಎಂದಳು.

ಮೇಷ್ಟ್ರೆಂದರೆ ಅವಳಿಗೆ ಕಾಲೇಜಿನಲ್ಲಿ ಇದೇ ವಿಷಯ ಕಲಿಸಿದವರು. ನಿವೃತ್ತಿಯಾದ ಮೇಲೆ ಸಣ್ಣದೊಂದು ವರ್ಕ್‌ಶಾಪು ಇಟ್ಟುಕೊಂಡು, ಹಳೆಯ ಮಷಿನ್ನುಗಳಿಗೆ ಹೊಸ ಬೋರ್ಡು ಮಾಡಿಕೊಡುತ್ತಿದ್ದರು. ಈ ಬೋರ್ಡು, ಇದರ ಪ್ರೊಸೆಸರು, ಪ್ರೋಗ್ರಾಂ ಎಲ್ಲ ಅವರದೇ. ಬರಲು ಹೇಳಿ ಕಳಿಸಿ ಆಗಲೇ ತುಂಬ ಹೊತ್ತಾಗಿತ್ತು.

ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಇನ್ಸ್‌ಪೆಕ್ಟರ್ ಎದ್ದು ಕತ್ತರಿ ಮಾವನ ಕಿವಿಯಲ್ಲಿ ಏನೋ ಹೇಳಿದಳು. ಅವನು ತಲೆಯಾಡಿಸಿ ಗೋಡೆಯ ಸ್ವಿಚ್‌ಬೋರ್ಡಿನ ಕಡೆ ನಡೆದ.

ಮೇಷ್ಟ್ರು ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಶಿಷ್ಯೆಯನ್ನು ಕಂಡು ಅವರ ಮುಖ ಅರಳಿತು. "ಏನಮ್ಮ, ನೀನೂ ಬಂದಿದ್ದೀಯಾ? ಹಾಗಾದ್ರೆ ನಾನು ಹೇಳೋದೇನೂ ಉಳಿದಿಲ್ಲ ಬಿಡು."

"ನಮಸ್ಕಾರ ಸರ್," ಎಂದಳು ನಾದಿನಿ. ತಲೆ ಎತ್ತಲಿಲ್ಲ.

"ಇನ್ಸ್‌ಪೆಕ್ಟರಮ್ಮ, ನನ್ನ ಪ್ರೋಗ್ರಾಮಿನಲ್ಲಿ ನೀವು ತಪ್ಪು ಹುಡುಕೋದು ಅಂದ್ರೆ ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ. ಸುರಕ್ಷತಾ ಇಲಾಖೆಯವರೇ ಸಾಲು ಸಾಲು ಓದಿ ಒಪ್ಪಿದಾರೆ."

"ಪ್ರೋಗ್ರಾಮಿನ ಮೇಲೆ ದೂರಿಲ್ಲ ಮೇಷ್ಟ್ರೇ. ನಮ್ಮ ಹುಡುಗಿಯೂ ಅದನ್ನ ಹೊಗಳಿದಳು. ಆದ್ರೆ ಈಗ ಸ್ವಲ್ಪ ಹೊತ್ತಿನ ಮುಂಚೆ ಯಾರೂ ಮುಟ್ಟದೆ ಅಲಗು ಇಳೀತು."

ಎದುರಿನ ಲ್ಯಾಪ್‌ಟಾಪಿನಲ್ಲಿ ಬಣ್ಣದ ಪಟ್ಟೆಗಳು ಹೊಳೆಯುತ್ತಿದ್ದವು. ಬೋರ್ಡು ಮಾಡಿದವನಿಗೆ ಅಲಗು ತಾನಾಗಿ ಇಳಿಯಿತೆಂದು ಹೇಳಿದರೆ ಅವನ ಕಣ್ಣು ಹೋಗಬೇಕಾದದ್ದು ಅಲ್ಲಿಗೆ. ಮೇಷ್ಟ್ರ ಕಣ್ಣು ಹೋದದ್ದು ಚಿಪ್ಪಿನ ಮೂಲೆಗೆ. ಒಂದು ಸಲ ಹೋಗಿ, ತಟ್ಟನೆ ಹಿಂದಕ್ಕೆ ಬಂತು.

ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಿತ್ತು.

"ಹಾಗೆಲ್ಲ ಇಳಿಯೋಕೆ ಸಾಧ್ಯವೇ ಇಲ್ಲ," ಎಂದರು ಮೇಷ್ಟ್ರು.

"ಅಡ್ಡ ಕೈ ಇದ್ರೆ ಇಳಿಯಲ್ಲ ಅಲ್ವಾ?"

"ಇಳಿಯಲ್ಲ."

"ಖಂಡಿತ?"

"ನನ್ನ ಮಕ್ಕಳಾಣೆಗೂ."

ಇನ್ಸ್‌ಪೆಕ್ಟರ್ ಅಂಗಿಯ ತೋಳನ್ನು ಮಡಿಸಿ, ಬಲಗೈಯನ್ನು ಅಲಗಿನ ಕೆಳಗೆ ಮೇಜಿನ ಮೇಲೆ ಚಾಚಿ ಇಟ್ಟಳು. ಕಬ್ಬಿಣ ತಣ್ಣಗಿತ್ತು. ಮಷಿನ್ನಿನ ಮೇಲಿನ ಸಣ್ಣ ಕೆಂಪು ದೀಪ ಉರಿಯುತ್ತಿತ್ತು.

"ಆ ಮೂಲೆಯ ಕಾಲಿಗೆ ಕರೆಂಟ್ ಮುಟ್ಟಿಸು," ಎಂದಳು ನಾದಿನಿಗೆ. "ಅದು ಬಳಕೆಯಲ್ಲಿಲ್ಲದ ಕಾಲು ತಾನೆ? ನಕ್ಷೆಯಲ್ಲಿ ಹಾಗಂತ ಇದೆ. ಏನೂ ಆಗಬಾರದು."

ನಾದಿನಿ ಬೋರ್ಡಿನಿಂದ ತಂತಿಯ ತುಂಡೊಂದನ್ನು ಎಳೆದು ಕೈಯಲ್ಲಿ ಹಿಡಿದಳು. ಅತ್ತಿಗೆಯ ಮುಖ ನೋಡಿದಳು. ಅಲ್ಲಿ ಏನೂ ಓದಲಾಗಲಿಲ್ಲ. ತಂತಿಯ ತುದಿ ಚಿಪ್ಪಿನ ಕಡೆ ಬಾಗತೊಡಗಿತು, ನಿಧಾನವಾಗಿ, ನಡುಗುತ್ತಾ.

ಮೇಷ್ಟ್ರ ಹಣೆಯಲ್ಲಿ ಬೆವರು ಮೂಡಿತು.

ತಂತಿ ಇನ್ನಷ್ಟು ಬಾಗಿತು.

"ಬೇಡಮ್ಮ," ಎಂದರು ಮೇಷ್ಟ್ರು. "ಬೇಡ. ಇಳಿಯುತ್ತೆ."

ಇನ್ಸ್‌ಪೆಕ್ಟರ್ ಕೈ ತೆಗೆದು ತೋಳು ಇಳಿಸಿಕೊಂಡಳು. ಸ್ವಿಚ್‌ಬೋರ್ಡಿನ ಪಕ್ಕ ನಿಂತಿದ್ದ ಕತ್ತರಿ ಮಾವ ಅಂಗೈ ಬಿಚ್ಚಿ ತೋರಿಸಿದ. ಮೋಟರಿನ ಫ್ಯೂಸು ಅವನ ಕೈಯಲ್ಲಿತ್ತು. ದೀಪ ಉರಿಯುತ್ತಿದ್ದುದು ಬೋರ್ಡಿನ ಕರೆಂಟಿನಿಂದ ಅಷ್ಟೇ.

ನಾದಿನಿ ತಂತಿಯನ್ನು ಬಿಸುಟು ಗೋಡೆಗೆ ಒರಗಿದಳು. "ನನಗೆ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು.

"ಹೇಳಿದ್ರೆ ನಿನ್ನ ಕೈ ನಡುಗ್ತಿರಲಿಲ್ಲ." ಇನ್ಸ್‌ಪೆಕ್ಟರ್ ಮೇಷ್ಟ್ರ ಕಡೆ ಸ್ಟೂಲು ತಳ್ಳಿದಳು. "ಕೂತ್ಕೊಳ್ಳಿ. ಆ ಅಡ್ಡದಾರಿ ನೀವೇ ಹಾಕಿದ್ದು?"

ಮೇಷ್ಟ್ರು ಕುಳಿತರು. ಒಮ್ಮೆಗೇ ಮುದುಕರಾದಂತೆ ಕಂಡರು.

"ನಾನು ಮಾಡೋ ಎಲ್ಲ ಚಿಪ್ಪಿನಲ್ಲೂ ಹಾಕ್ತೀನಿ. ಟೇಬಲ್ ಮೇಲೆ ಇಟ್ಟು ಪರೀಕ್ಷೆ ಮಾಡುವಾಗ ಬೇಕಾಗುತ್ತೆ. ಗುಂಡಿ ಇರಲ್ಲ, ಬೆಳಕು ಇರಲ್ಲ, ಅದಕ್ಕೇ ಕಾದು ಕೂತರೆ ಪ್ರೋಗ್ರಾಂ ಮುಂದಕ್ಕೇ ಹೋಗಲ್ಲ. ಆ ಕಾಲಿಗೆ ಕರೆಂಟ್ ಕೊಟ್ರೆ ಪರೀಕ್ಷೆಯ ಸ್ಥಿತಿಯನ್ನ ಬಿಟ್ಟು ಮುಂದೆ ಹೋಗುತ್ತೆ. ಗಿರಾಕಿಗೆ ಕೊಡುವಾಗ ಆ ಕಾಲನ್ನ ನೆಲಕ್ಕೆ ಬೆಸೆದುಬಿಡ್ತೀನಿ. ಆಮೇಲೆ ಅದು ಸತ್ತ ಹಾಗೆ."

"ಸತ್ತದ್ದು ಎದ್ದು ಕೂತಿದ್ಯಲ್ಲ. ಬೆಸುಗೆ ಬಿಡಿಸಿದ್ದು ಯಾರು?"

ಮೇಷ್ಟ್ರು ನಾದಿನಿಯನ್ನು ನೋಡಿದರು. ಅವಳು ಗೋಡೆಯ ಕಡೆ ತಿರುಗಿಬಿಟ್ಟಳು.

"ನಾನೇ," ಎಂದರು.

"ಯಾರು ಹೇಳಿದ್ದಕ್ಕೆ?"

"ಚಿಕ್ಕ ಯಜಮಾನ್ರು. ಧೂಳಿಗೆ ಮಷಿನ್ ಗಳಿಗೆಗೊಂದು ಸಲ ನಿಲ್ಲುತ್ತೆ, ಕೆಲಸ ಸಾಗ್ತಿಲ್ಲ, ನಿಂತಾಗ ಮುಂದಕ್ಕೆ ತಳ್ಳೋಕೆ ಒಂದು ಸ್ವಿಚ್ ಬೇಕು ಅಂತ ದುಂಬಾಲು ಬಿದ್ರು. ಅಪಾಯ ಅಂತ ಹೇಳಿದೆ. ಆ ಕಾಲು ಎಚ್ಚರವಾಗಿದ್ರೆ ಇದು ಕೈಯನ್ನೂ ಕೇಳಲ್ಲ, ಕತ್ತನ್ನೂ ಕೇಳಲ್ಲ ಅಂದೆ. ಎಲ್ಲರನ್ನೂ ಆಚೆ ಕಳಿಸಿ ನಾನೇ ಒತ್ತುತೀನಿ, ಬೇರೆ ಯಾರಿಗೂ ತಿಳಿಸಲ್ಲ, ಅಣ್ಣನಿಗೂ ತಿಳಿಸಲ್ಲ ಅಂತ ಮಾತು ಕೊಟ್ರು. ಒಳ್ಳೆ ಮನುಷ್ಯ. ಇಲ್ಲ ಅನ್ನೋಕೆ ಆಗಲಿಲ್ಲ."

"ಆಮೇಲೆ ಅವರ ಕೈ ಹೋಯ್ತು. ಅವತ್ತೇ ನಿಮಗೆ ಗೊತ್ತಾಯ್ತು."

"ಗೊತ್ತಾಯ್ತು."

"ಗೊತ್ತಾಗಿ, ಟೇಪು ಅಂಟಿಸಿದವನದೇ ತಪ್ಪು ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ್ರಿ." ಇನ್ಸ್‌ಪೆಕ್ಟರ್ ದನಿ ಏರಿಸಲಿಲ್ಲ. ಏರಿಸಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. "ಆ ಮನುಷ್ಯನಿಗೆ ಬೇಡಿ ಬೀಳೋದನ್ನ ನೋಡ್ತಾ ಮನೆಯಲ್ಲಿ ಊಟ ಮಾಡ್ತಿದ್ರಿ. ಅವನು ಇಲ್ಲೇ ಇದಾನೆ. ತಿರುಗಿ ನೋಡಿ."

ಮೇಷ್ಟ್ರು ತಿರುಗಿ ನೋಡಲಿಲ್ಲ. ಕತ್ತರಿ ಮಾವ ತಾನೇ ನಾಲ್ಕು ಹೆಜ್ಜೆ ಮುಂದೆ ಬಂದ. ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಫ್ಯೂಸನ್ನು ಮೇಷ್ಟ್ರ ಮುಂದಿನ ಮೇಜಿನ ಮೇಲಿಟ್ಟು, "ನನ್ನ ಮಗಳು ಶಾಲೆಗೆ ಹೋಗೋದು ಬಿಟ್ಟಿದಾಳೆ ಮೇಷ್ಟ್ರೇ," ಎಂದು ಹೊರಗೆ ನಡೆದುಬಿಟ್ಟ.

ಮೇಷ್ಟ್ರು ಕೈಯಲ್ಲಿ ಮುಖ ಮುಚ್ಚಿಕೊಂಡರು. "ತಪ್ಪಾಯ್ತು. ಆದ್ರೆ ನಾನು ಒತ್ತಿಲ್ಲ."

"ಒತ್ತಿದ್ದು ಯಾರು ಹಾಗಾದ್ರೆ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಆ ಸ್ವಿಚ್ ಇರೋದು ಗೊತ್ತಿದ್ದವರು ಒಬ್ಬರೇ. ಅವರ ಕೈಯೇ ಅಲಗಿನ ಕೆಳಗೆ ಇತ್ತು."

"ಸ್ವಿಚ್ ಎಲ್ಲಿದೆ?"

"ತಂತಿ ಒಳಗೆ ಎಳೆದುಕೊಂಡದ್ದು ಅವರೇ. ಎಲ್ಲಿಗೆ ಅಂತ ನಾನು ಕೇಳಲಿಲ್ಲ."

ಕೇಳದಿರುವುದು ಈ ಪ್ರೆಸ್ಸಿಗೆ ಅಂಟಿದ ರೋಗವೆಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಮೇಷ್ಟ್ರನ್ನು ಅಲ್ಲೇ ಕೂರಿಸಿ ಇಬ್ಬರೂ ಪೈಪಿನ ಹಿಂದೆ ಹೊರಟರು.

ಪೈಪು ಗೋಡೆಯ ಉದ್ದಕ್ಕೂ ಹೋಗಿತ್ತು. ಬೈಂಡಿಂಗ್ ವಿಭಾಗದ ಅಂಟಿನ ವಾಸನೆ ದಾಟಿ, ಗೋಡೌನಿನ ಕಿಟಕಿ ದಾಟಿ ಮುಂದೆ ಸಾಗಿತ್ತು. ಆ ಕಿಟಕಿಯ ಬಳಿ ಇನ್ಸ್‌ಪೆಕ್ಟರ್ ಒಂದು ಕ್ಷಣ ನಿಂತಳು. ಗೋಡೌನಿನಲ್ಲಿ ನಿಂತವರಿಗೆ ಇಲ್ಲಿಂದ ಕಟಿಂಗ್ ಮಷಿನ್ನಿನ ಮೇಜು ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಅದರಾಚೆ ದಪ್ಪ ಕೇಬಲ್ಲುಗಳು ಒಂದು ಕಡೆ ತಿರುಗಿದವು. ಕೂದಲೆಳೆಯಂಥ ತಂತಿ ಒಂಟಿಯಾಗಿ, ಬಾಗಿಲ ಚೌಕಟ್ಟಿನ ಸಂದಿನಲ್ಲಿ, ಚಿಕ್ಕ ಯಜಮಾನನ ಕೋಣೆಯೊಳಗೆ ನುಸುಳಿತ್ತು.

ಒಳಗೆ ಚಿಕ್ಕ ಯಜಮಾನನ ಹೆಂಡತಿ ಗಂಡನ ಕುರ್ಚಿಯಲ್ಲಿ ಕುಳಿತಿದ್ದಳು. ವಾರದಿಂದ ಆಫೀಸಿನ ಕೆಲಸವನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಒಂದು ಬಟ್ಟೆಯ ಚೀಲವಿತ್ತು. ಅದರೊಳಗೆ ಗಂಡನ ತೊಳೆದ ಅಂಗಿಗಳನ್ನು ಮಡಿಸಿ ಇಡುತ್ತಿದ್ದಳು. ಬಲತೋಳಿನ ಗುಂಡಿಗಳನ್ನೆಲ್ಲ ಬಿಚ್ಚಿ, ತೋಳು ಅಗಲವಾಗುವಂತೆ ಹೊಲಿಗೆ ಬಿಡಿಸಿದ್ದಳು.

"ಬನ್ನಿ ಮೇಡಂ. ನಿಮ್ಮನ್ನೇ ಹುಡುಕಿಕೊಂಡು ಬರ್ತಿದ್ದೆ," ಎಂದಳು. ಅತ್ತು ಅತ್ತು ಕೆಂಪಾದ ಕಣ್ಣಿನಲ್ಲಿ ಇವತ್ತು ಏನೋ ಬೆಳಕಿತ್ತು.

"ಒಂದು ನಿಮಿಷ. ಸ್ವಲ್ಪ ಆಚೆ ಬರ್ತೀರಾ?"

ಅವಳು ಎದ್ದಳು. ನಾದಿನಿ ಮಂಡಿಯೂರಿ ಮೇಜಿನ ಕೆಳಗೆ ಟಾರ್ಚು ಹಿಡಿದಳು. ಕುಳಿತವರ ಮೊಣಕಾಲಿಗೆ ಎಟಕುವಷ್ಟು ಹತ್ತಿರ, ಹಲಗೆಗೆ ಒಂದು ಬಿಳಿ ಗುಂಡಿ ತಿರುಪು ಹಾಕಿ ಕೂರಿಸಿತ್ತು.

"ಅದಾ?" ಎಂದಳು ಯಜಮಾನನ ಹೆಂಡತಿ. "ಅದು ಬೆಲ್ಲು. ಟೀ ಬೇಕಾದ್ರೆ ಒತ್ತೋದು. ಕೆಟ್ಟಿದೆ ಅನ್ಸುತ್ತೆ. ಆಗಲೂ ಒತ್ತಿದೆ, ಯಾರೂ ಬರಲಿಲ್ಲ."

"ಯಾವಾಗ ಒತ್ತಿದ್ರಿ?"

"ಈಗ ಸ್ವಲ್ಪ ಹೊತ್ತಾಯ್ತು. ನೀವೆಲ್ಲ ಬಂದು ಕೆಲಸ ಮಾಡ್ತಿದ್ದೀರಿ, ಒಂದು ಲೋಟ ಟೀ ಕೊಡೋಣ ಅಂತ."

ಇನ್ಸ್‌ಪೆಕ್ಟರಿನ ಬಲಗೈ ತಾನಾಗಿ ಬೆನ್ನ ಹಿಂದೆ ಸರಿಯಿತು.

"ಅದಕ್ಕೆ ಮುಂಚೆ ಯಾವತ್ತಾದ್ರೂ ಒತ್ತಿದ್ರಾ?"

"ಒಂದು ಸಲ." ಅವಳು ಅಂಗಿಯ ಮಡಿಕೆ ಸರಿ ಮಾಡುತ್ತಾ ಹೇಳಿದಳು. "ಆ ದಿನ. ಇವರಿಗೆ ಊಟ ತಂದು ಇಲ್ಲೇ ಕಾಯ್ತಾ ಕೂತಿದ್ದೆ. ಭಾವ ಗೋಡೌನಿನಿಂದ ಫೋನ್ ಮಾಡಿದ್ರು. ಪೇಪರ್ ಸಪ್ಲೈ ಮಾಡೋರು ಬಂದಿದಾರಮ್ಮ, ಟೀ ಬೇಕು, ನಿನ್ನ ಕಾಲ ಹತ್ತಿರ ಬೆಲ್ಲಿದೆ ನೋಡು, ಅವನು ಒತ್ತೋದನ್ನ ಕಂಡಿದ್ದೀನಿ ಅಂದ್ರು. ಇವರು ಯಾವತ್ತೂ ಅದರ ವಿಷಯ ಹೇಳಿರಲಿಲ್ಲ. ಕೈ ಆಡಿಸಿದೆ, ಸಿಕ್ಕಿತು."

"ತಕ್ಷಣ ಒತ್ತಿದ್ರಾ?"

"ಇಲ್ಲ. ಫೋನ್ ಇಡಬೇಡ, ನಾನು ಹೇಳಿದಾಗ ಒತ್ತು ಅಂದ್ರು. ತಡಿ ಅಂದ್ರು. ಇನ್ನೂ ಸ್ವಲ್ಪ ತಡಿ ಅಂದ್ರು. ಬಂದವರು ಕೂತ್ಕೊಳ್ಳಲಿ ಅಂತ ಇರಬೇಕು ಅಂದ್ಕೊಂಡೆ. ಆಮೇಲೆ ಈಗ ಒತ್ತು ಅಂದ್ರು. ಒತ್ತಿದೆ. ಆಗಲೇ ಹೊರಗಡೆ..."



ನಾದಿನಿ ಮೇಜಿನ ಕೆಳಗಿನಿಂದ ಎದ್ದಿದ್ದಳು. ಅವಳ ಬೆರಳುಗಳ ನಡುವೆ ಆ ತೆಳು ತಂತಿ ಇತ್ತು. ಯಜಮಾನನ ಹೆಂಡತಿಯ ಕಣ್ಣು ಆ ತಂತಿಯ ಗುಂಟ ಮೇಜಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲ ಸಂದಿಗೆ, ಅಲ್ಲಿಂದ ಕಟಿಂಗ್ ಮಷಿನ್ನಿನ ಕಡೆಗೆ ನಿಧಾನವಾಗಿ ಹರಿಯಿತು. ಆಮೇಲೆ ಅವಳು ತನ್ನ ತೋರುಬೆರಳನ್ನು ನೋಡಿಕೊಂಡಳು. ಅದು ತನ್ನದಲ್ಲವೇನೋ ಎಂಬಂತೆ ಮೈಯಿಂದ ದೂರ ಹಿಡಿದಳು.

"ಅದು ಬೆಲ್ಲು," ಎಂದಳು. "ಮೇಡಂ, ಅದು ಬೆಲ್ಲು ಅಲ್ವಾ?"

ಇನ್ಸ್‌ಪೆಕ್ಟರ್ ಅವಳ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಮೈ ಮರದ ಹಾಗೆ ಸೆಟೆದಿತ್ತು.

"ನೀವು ಏನೂ ತಪ್ಪು ಮಾಡಿಲ್ಲಮ್ಮ. ನನ್ನನ್ನ ನೋಡಿ. ನಿಮ್ಮ ಭಾವ ಈಗ ಎಲ್ಲಿದ್ದಾರೆ?"

"ಆಸ್ಪತ್ರೇಲಿ." ತುಟಿ ಮಾತ್ರ ಆಡುತ್ತಿತ್ತು. "ಅದನ್ನೇ ಹೇಳೋಕೆ ಬರ್ತಿದ್ದೆ. ಇವರು ಕಣ್ಣು ಬಿಟ್ರಂತೆ. ಭಾವ ಈಗಷ್ಟೇ ಫೋನ್ ಮಾಡಿದ್ರು. ಏನೋ ಹೇಳಬೇಕು ಅಂತ ಒದ್ದಾಡ್ತಿದಾನೆ, ಮಾತು ಹೊರಡ್ತಿಲ್ಲ, ನೀನು ನಿಧಾನವಾಗಿ ಬಟ್ಟೆ ತಗೊಂಡು ಬಾ, ಅಲ್ಲಿವರೆಗೂ ನಾನು ಪಕ್ಕದಲ್ಲೇ ಇರ್ತೀನಿ ಅಂದ್ರು."

ಇನ್ಸ್‌ಪೆಕ್ಟರ್ ಫೋನು ತೆಗೆದು, ವಾರ್ಡಿನ ಬಾಗಿಲಲ್ಲಿ ಕಾವಲಿಗೆ ಹಾಕಿದ್ದ ಪೇದೆಯ ನಂಬರು ಒತ್ತಿದಳು. ರಿಂಗಾಯಿತು. ಮತ್ತೆ ರಿಂಗಾಯಿತು. ಕೊನೆಗೆ ಅವನು ಎತ್ತಿದ. ಹಿಂದೆ ತಟ್ಟೆಗಳ ಸದ್ದು, ಯಾರೋ ನೀರು ಕೇಳುವ ದನಿ.

"ಎಲ್ಲಿದ್ದೀಯ?"

"ಕ್ಯಾಂಟೀನಿನಲ್ಲಿ ಮೇಡಂ." ಅವನು ಬಾಯಲ್ಲಿದ್ದುದನ್ನು ಆತುರದಲ್ಲಿ ನುಂಗಿದ. "ದೊಡ್ಡ ಯಜಮಾನ್ರೇ ಹೇಳಿದ್ರು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಹೋಗಿ ಊಟ ಮಾಡ್ಕೊಂಡು ಬಾ ಅಂತ. ಏನೂ ಭಯ ಇಲ್ಲ ಮೇಡಂ. ತಮ್ಮನ ಹತ್ತಿರ ಯಾರೂ ಬರದ ಹಾಗೆ ನೋಡ್ಕೋತೀನಿ ಅಂದು, ಒಳಗಿಂದ ಚಿಲಕ ಹಾಕ್ಕೊಂಡಿದಾರೆ."